ನಿಂತಲ್ಲೇ ಸುಡುವ ಗೇರ್ ಬಾಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಆಟೋಮ್ಯಾಟಿಕ್ ಗಾಡಿಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿದ್ದವು, ಗೇರ್ ಬಾಕ್ಸ್ ಬಿಸಿಯಾಗುವುದು. ಬೆಳಗಾವಿಯಿಂದ ಗೋವಾಕ್ಕೆ ಹೋಗಿ ಬರುವವರು, ವಿಜಯಪುರದ ಬಿಸಿಲಲ್ಲಿ ಓಡಾಡುವವರು, ಜಮಖಂಡಿ ಕಡೆ ಕಬ್ಬಿನ ಹೊಲಕ್ಕೆ ಗಾಡಿ ಇಳಿಸುವವರು, ಎಲ್ಲರದ್ದೂ ಬೇರೆ ಊರು, ಬೇರೆ ಗಾಡಿ. ತೊಂದರೆ ಮಾತ್ರ ಒಂದೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಬೆಳಗಾವಿಯಲ್ಲಿ ಗೇರ್ ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಸುಟ್ಟು ಕರಿಯಾದ ಕ್ಲಚ್ ಪ್ಲೇಟ್ ಕೈಯಲ್ಲಿ ಹಿಡಿದಾಗಲೆಲ್ಲ, ಇದನ್ನು ಉಳಿಸಬಹುದಿತ್ತಲ್ಲ ಅಂತ ಅನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ಸರ್, ಗೋವಾದಿಂದ ಚೋರ್ಲಾ ಘಾಟ್ ಹತ್ತಿ ವಾಪಸ್ ಬರುತ್ತಿದ್ದೆವು. ಐದು ಮಂದಿ, ಡಿಕ್ಕಿ ತುಂಬ ಲಗೇಜ್. ಘಾಟ್ ಶುರುವಾಗುತ್ತಲೇ ಮುಂದೆ ಗಾಡಿಗಳ ಸಾಲು, ಅದರ ಹಿಂದೆ ಇಂಚಿಂಚಾಗಿ ಹತ್ತಿದೆವು. ಅರ್ಧ ದಾರಿಯಲ್ಲಿ ಮೀಟರ್ ಮೇಲೆ ಟ್ರಾನ್ಸ್‌ಮಿಷನ್ (ಗೇರ್ ಬಾಕ್ಸ್) ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಅಂತ ಬಂತು. ಇಂಜಿನ್ ಟೆಂಪರೇಚರ್ ಸೂಜಿ ಮಾತ್ರ ನಡುವೆಯೇ ಇತ್ತು. ಗಾಬರಿಯಾಗಿ ತಕ್ಷಣ ಬಂದ್ ಮಾಡಿದೆ. ಡ್ಯುಯಲ್ ಕ್ಲಚ್ ಗಾಡಿ, 35 ಸಾವಿರ ಕಿಲೋಮೀಟರ್ ಓಡಿದೆ. ನನ್ನ ತಪ್ಪು ಎಲ್ಲಿ? — ಟಿಳಕವಾಡಿ, ಬೆಳಗಾವಿ

ಉತ್ತರ: ನಿಲ್ಲಿಸಿದ್ದು ಸರಿ. ತಕ್ಷಣ ಇಂಜಿನ್ ಬಂದ್ ಮಾಡಿದ್ದು ಸರಿಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ಅನ್ನೋದು ನೋಡೋಣ. ಇದೊಂದು ಗೊತ್ತಾದರೆ ಈ ಅಂಕಣದ ಉಳಿದ ಉತ್ತರಗಳು ಅರ್ಧ ಗೊತ್ತಾದ ಹಾಗೆ. ವಿಜಯಪುರದಿಂದ ಸೊಲ್ಲಾಪುರಕ್ಕೆ 52ನೇ ಹೆದ್ದಾರಿಯಲ್ಲಿ 80–90ರ ವೇಗದಲ್ಲಿ ಒಂದೇ ಸಮ ಹೋಗಿ ಬನ್ನಿ, ಗೇರ್ ಬಾಕ್ಸ್ ಆರಾಮಾಗಿ ಇರುತ್ತದೆ. ಅದೇ ಗಾಡಿಯನ್ನು ಲೋಡ್ ಹಾಕಿ ಏರಿನಲ್ಲಿ ಹದಿನೈದು ನಿಮಿಷ ತೆವಳಿಸಿದರೆ ಕುದಿಯಲು ಶುರುವಾಗುತ್ತದೆ. ಇಂಜಿನ್ ದುಡಿಯುತ್ತಿದೆ, ಚಕ್ರ ಅದಕ್ಕೆ ತಕ್ಕಂತೆ ತಿರುಗುತ್ತಿಲ್ಲ, ನಡುವೆ ಏನೋ ಜಾರುತ್ತಿದೆ. ಆ ಜಾರಾಟದಲ್ಲೇ ಬಿಸಿ ಹುಟ್ಟುವುದು. ಯಾವ ಜಾತಿಯ ಆಟೋಮ್ಯಾಟಿಕ್ ಆದರೂ ಇಷ್ಟೇ ಕಥೆ. ಜಾರುವ ಭಾಗ ಮಾತ್ರ ಬೇರೆ ಬೇರೆ.

ನಿಮ್ಮ ಗಾಡಿಯಲ್ಲಿ ಎರಡು ಕ್ಲಚ್ ಇವೆ. ಒಂದು 1, 3, 5ರಂಥ ಬೆಸ ಗೇರ್‌ಗಳಿಗೆ, ಇನ್ನೊಂದು 2, 4, 6ರಂಥ ಸಮ ಗೇರ್‌ಗಳಿಗೆ. ಕಾಲಿನ ಬದಲು ಕಂಪ್ಯೂಟರ್ ಅವನ್ನು ಹಿಡಿದು ಬಿಡುತ್ತದೆ. ಮ್ಯಾನುಯಲ್ ಗಾಡಿಯಲ್ಲಿ ಘಾಟ್‌ನಲ್ಲಿ ಅರ್ಧ ಕ್ಲಚ್ ಹಿಡಿದು ತೆವಳಿದರೆ ವಾಸನೆ ಬರುತ್ತದೆ ಅಲ್ವಾ? ನೀವು ಬ್ರೇಕ್ ಸ್ವಲ್ಪ ಬಿಟ್ಟು, ಎರಡು ಅಡಿ ಮುಂದೆ ಹೋಗಿ, ಮತ್ತೆ ಬ್ರೇಕ್ ಒತ್ತಿ, ಹೀಗೆ ಮಾಡಿದಷ್ಟು ಸಲವೂ ಒಳಗೆ ಅರ್ಧ ಕ್ಲಚ್ಚೇ ಆಗಿದೆ. ಪೆಡಲ್ ಇಲ್ಲದ ಕಾರಣ ನಿಮ್ಮ ಕಾಲಿಗೆ ಗೊತ್ತಾಗಲಿಲ್ಲ. ಈ ಕ್ಲಚ್‌ಗಳಲ್ಲಿ ಒಣ ಕ್ಲಚ್, ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಅಂತ ಎರಡು ಬಗೆ. ಆಯಿಲ್ ಇದ್ದರೆ ಅದು ಬಿಸಿಯನ್ನು ಕೊಂಡೊಯ್ದು ಕೂಲರ್‌ಗೆ ಕೊಡುತ್ತದೆ. ಒಣ ಕ್ಲಚ್‌ಗೆ ಸುತ್ತಲಿನ ಗಾಳಿ ಬಿಟ್ಟರೆ ಬೇರೆ ಗತಿಯಿಲ್ಲ. ನಿಮ್ಮದು ಯಾವುದು ಅಂತ ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ನೋಡಿ, ಇಲ್ಲವೇ ಸರ್ವೀಸ್‌ನಲ್ಲಿ ಕೇಳಿ. ಒಣ ಕ್ಲಚ್ ಇದ್ದರೆ ಘಾಟ್‌ನಲ್ಲಿ ಇನ್ನೂ ಜಾಗ್ರತೆ ಬೇಕು.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗೋವಾದಿಂದ ಬರುವವರು ಆ ಎತ್ತರದ ಬಹುಪಾಲನ್ನು ಘಾಟ್‌ನಲ್ಲೇ ಹತ್ತಿ ಮುಗಿಸಬೇಕು. ಚೋರ್ಲಾ ಇರಲಿ, ಅನಮೋಡ ಇರಲಿ, ಅಂಬೋಲಿ ಇರಲಿ, ಲೆಕ್ಕ ಒಂದೇ. ಹಾಗಾಗಿ ಹೋಗುವಾಗ ಏನೂ ಆಗದ ಗಾಡಿ ಬರುವಾಗ ಬಿಸಿಯಾಗುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗಬೇಡಿ. ನಿಂತರೆ ಪೂರ್ತಿ ನಿಂತುಬಿಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ. ಮುಂದೆ ನಾಲ್ಕೈದು ಗಾಡಿಯಷ್ಟು ಜಾಗ ಬಿಟ್ಟ ಮೇಲೆ ಹಿಂಜರಿಯದೆ ಎಳೆದು, ಆ ಜಾಗ ದಾಟಿ, ಮತ್ತೆ ಪೂರ್ತಿ ನಿಲ್ಲಿಸಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ. ಕ್ಲಚ್ ಪೂರ್ತಿ ಬಿಟ್ಟಿರಬೇಕು ಇಲ್ಲವೇ ಪೂರ್ತಿ ಹಿಡಿದಿರಬೇಕು, ನಡುವೆ ಇರುವ ಹೊತ್ತು ಆದಷ್ಟು ಕಡಿಮೆಯಾಗಬೇಕು. ಮ್ಯಾನುಯಲ್ ಮೋಡ್ ಇದ್ದರೆ ಏರಿನಲ್ಲಿ ಒಂದನೇ ಅಥವಾ ಎರಡನೇ ಗೇರ್‌ನಲ್ಲೇ ಇಟ್ಟುಕೊಳ್ಳಿ, ಮೇಲೆ ಕೆಳಗೆ ಗೇರ್ ಬದಲಾಯಿಸುತ್ತ ಒದ್ದಾಡುವುದು ತಪ್ಪುತ್ತದೆ. ಇನ್ನೊಂದು, ಏರಿನಲ್ಲಿ ಗಾಡಿ ಹಿಂದೆ ಸರಿಯದಂತೆ ಆಕ್ಸಿಲರೇಟರ್ ಒತ್ತಿ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಅದನ್ನು ಇವತ್ತೇ ಬಿಡಿ. ಕ್ಲಚ್ ಸುಡಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಬ್ರೇಕ್ ಇದೆ, ಹ್ಯಾಂಡ್ ಬ್ರೇಕ್ ಇದೆ, ಹೊಸ ಗಾಡಿಗಳಲ್ಲಿ ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ಇದೆ, ಅವನ್ನು ಬಳಸಿ.

ಇನ್ನು ಎಚ್ಚರಿಕೆ ಬಂದಾಗ. ತಿರುವು ಇಲ್ಲದ, ಹಿಂದಿನವರಿಗೆ ಕಾಣುವ ಜಾಗದಲ್ಲಿ ಬದಿಗೆ ಹಾಕಿ. ಹ್ಯಾಂಡ್ ಬ್ರೇಕ್ ಎಳೆದು ಪಿ (ಪಾರ್ಕಿಂಗ್) ಗೆ ಹಾಕಿ. ಇಂಜಿನ್ ಚಾಲೂ ಇರಲಿ, ಎಸಿ ಬಂದ್ ಇರಲಿ. ಇಂಜಿನ್ ಓಡುತ್ತಿದ್ದರೆ ಫ್ಯಾನ್ ತಿರುಗುತ್ತದೆ, ಆಯಿಲ್ ಇರುವ ಗೇರ್ ಬಾಕ್ಸ್ ಆದರೆ ಪಂಪ್ ಆ ಆಯಿಲನ್ನು ಕೂಲರ್ ಮೂಲಕ ತಿರುಗಿಸುತ್ತಲೇ ಇರುತ್ತದೆ. ಬಂದ್ ಮಾಡಿದರೆ ಆ ಬಿಸಿ ಆಯಿಲ್ ಅಲ್ಲೇ ನಿಂತುಬಿಡುತ್ತದೆ. ಎಚ್ಚರಿಕೆ ಹೋದ ಮೇಲೂ ಒಂದೈದು ನಿಮಿಷ ಬಿಟ್ಟು ಹೊರಡಿ.

ಆದರೆ ಇಂಜಿನ್ ಸೂಜಿಯೇ ಕೆಂಪಿಗೆ ಹೋಗಿ ಬಾನೆಟ್ ಕೆಳಗಿಂದ ಹಬೆ ಬರುತ್ತಿದ್ದರೆ ಅದು ಬೇರೆ ವಿಷಯ. ಆಗ ಇಂಜಿನ್ ಬಂದ್ ಮಾಡಲೇಬೇಕು, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಆ ಸೂಜಿ ತೋರಿಸುವುದು ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ನೀರಿನ ಬಿಸಿಯನ್ನು ಮಾತ್ರ. ಅದು ನಡುವೆ ಇದೆ ಅಂದ ಮಾತ್ರಕ್ಕೆ ಗೇರ್ ಬಾಕ್ಸ್ ತಣ್ಣಗಿದೆ ಅಂತ ಅಲ್ಲ. ನಿಮಗೆ ಆಗಿದ್ದು ಅದೇ.

ಒಂದು ಸಲ ಎಚ್ಚರಿಕೆ ಬಂದದ್ದಕ್ಕೆ ಗಾಡಿ ಕೆಟ್ಟುಹೋಯಿತು ಅಂತ ಕೊರಗಬೇಡಿ, ಅದು ಕೆಡುವ ಮೊದಲೇ ಕೂಗಿ ಹೇಳುವ ವ್ಯವಸ್ಥೆ. ನಿಂತಲ್ಲಿಂದ ಹೊರಡುವಾಗ ಗಾಡಿ ನಡುಗುತ್ತಿದೆ, ಜರ್ಕ್ ಕೊಡುತ್ತಿದೆ ಅನಿಸಿದರೆ ಮಾತ್ರ ತಡಮಾಡದೆ ತೋರಿಸಿ.

ಪ್ರಶ್ನೆ: ಅಣ್ಣಾವ್ರೇ, ಮಳಿ ಆದ ಮರುದಿನ ಹೊಲಕ್ಕ ಗಾಡಿ ಒಯ್ದಿದ್ದೆ. ಎರಿ ಮಣ್ಣಾಗ ಹುಗಿದು ಕೂತತ್ರಿ. ಡೀಸೆಲ್ ಎಸ್‌ಯುವಿ, ಹಳೇ ನಮೂನಿ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ ಅಂತಾರಲ್ಲ ಅದು. ಹಿಂದ ಮುಂದ ಹತ್ತು ಹದಿನೈದು ನಿಮಿಷ ರೇಸ್ ಮಾಡಿದೆ. ಕಡೀಗೆ ಟ್ರ್ಯಾಕ್ಟರ್ ತರಸಿ ಎಳಸಿದೆ. ಈಗ ಗೇರ್ ಬೀಳೂದು ತಡ ಆಗಾಕತ್ತೇತಿ, ಸುಟ್ಟ ವಾಸನಿ ಬ್ಯಾರೆ. — ಮುಧೋಳ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನದೇ ಗಾಡಿ ನೆನಪಾಯಿತು. ಕೆಲಸ ಕಲಿತ ಹೊಸತರಲ್ಲಿ, ಜಮಖಂಡಿ ಹತ್ತಿರ ಎರೆ ಹೊಲದಲ್ಲಿ ನಾನೂ ಹೀಗೇ ಹುಗಿಸಿಕೊಂಡಿದ್ದೆ. ಎರೆ ಮಣ್ಣು ಒಣಗಿದ್ದರೆ ಕಲ್ಲು, ನೆನೆದರೆ ಅಂಟು. ಚಕ್ರಕ್ಕೆ ಅಂಟಿ ಅಂಟಿ ಮಡ್‌ಗಾರ್ಡ್ ತುಂಬಿಬಿಡುತ್ತದೆ, ಆಮೇಲೆ ಚಕ್ರ ತಿರುಗುವುದೇ ಇಲ್ಲ. ಆ ಗೇರ್ ಬಾಕ್ಸ್ ನಾನು ಕೈಯಾರೆ ಬಿಚ್ಚಿದೆ. ಒಳಗಿನ ಆಯಿಲ್ ಟಾರಿನ ಹಾಗಿತ್ತು.

ಯಾಕೆ ಹಾಗಾಗುತ್ತದೆ ಹೇಳುತ್ತೇನೆ. ಟಾರ್ಕ್ ಕನ್ವರ್ಟರ್‌ನಲ್ಲಿ ಇಂಜಿನ್‌ಗೂ ಗೇರ್‌ಗಳಿಗೂ ನಡುವೆ ಗಟ್ಟಿ ಜೋಡಣೆ ಇರುವುದಿಲ್ಲ, ಆಯಿಲ್ ಇರುತ್ತದೆ. ಇಂಜಿನ್ ಕಡೆಯ ರೆಕ್ಕೆಗಳು ಆಯಿಲನ್ನು ಜೋರಾಗಿ ಎರಚುತ್ತವೆ, ಆ ಹೊಡೆತಕ್ಕೆ ಗೇರ್ ಕಡೆಯ ರೆಕ್ಕೆಗಳು ತಿರುಗುತ್ತವೆ. ವೇಗ ಸ್ವಲ್ಪ ಏರಿದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಹಿಡಿದು ಒಂದು ಮಾಡುತ್ತದೆ, ಆಮೇಲೆ ಜಾರಾಟವಿಲ್ಲ. ಆದರೆ ಚಕ್ರ ಮಣ್ಣಿನಲ್ಲಿ ಕಚ್ಚಿ ನಿಂತಿದ್ದಾಗ ನೀವು ರೇಸ್ ಕೊಟ್ಟರೆ? ಕಡಗೋಲು ಹಾಕಿ ಮಜ್ಜಿಗೆ ಕಡೆದ ಹಾಗೆ ಇಂಜಿನ್ ಆ ಆಯಿಲನ್ನು ಕಡೆಯುತ್ತದೆ. ಗಾಡಿ ಒಂದಡಿಯೂ ಸರಿಯದಿದ್ದರೆ ಇಂಜಿನ್‌ನ ಅಷ್ಟೂ ದುಡಿಮೆ ಆಯಿಲ್‌ನಲ್ಲಿ ಬಿಸಿಯಾಗಿ ಸೇರಿತು ಅಂತಲೇ ಅರ್ಥ, ಬೇರೆ ಎಲ್ಲಿಗೂ ಹೋಗಲು ದಾರಿಯಿಲ್ಲ.

ಎಷ್ಟು ಬೇಗ ಅಂತ ಒಂದು ಲೆಕ್ಕ ನೋಡಿ. ಇಂಜಿನ್ 20 ಕಿಲೋವ್ಯಾಟ್ ಶಕ್ತಿ ಕೊಡುತ್ತಿದೆ ಅಂತಿಟ್ಟುಕೊಳ್ಳಿ, ನಿಮ್ಮಂಥ ಗಾಡಿಗೆ ಅದು ದೊಡ್ಡದಲ್ಲ. ಗೇರ್ ಬಾಕ್ಸ್‌ನಲ್ಲಿ ಆರು ಲೀಟರ್ ಆಯಿಲ್. ಆ ಶಕ್ತಿಯೆಲ್ಲ ಆಯಿಲ್‌ಗೇ ಹೋದರೆ ಸೆಕೆಂಡ್‌ಗೆ ಸುಮಾರು 2 ಡಿಗ್ರಿ ಏರುತ್ತದೆ. ಅರ್ಧ ನಿಮಿಷಕ್ಕೆ 60 ಡಿಗ್ರಿ! ಮೆಕ್ಯಾನಿಕ್‌ಗಳು ಸ್ಟಾಲ್ ಟೆಸ್ಟ್ ಅಂತ ಮಾಡುತ್ತಾರೆ, ಬ್ರೇಕ್ ಗಟ್ಟಿ ಹಿಡಿದು ಡಿ (ಡ್ರೈವ್) ಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ನೋಡುವುದು. ಅದನ್ನು 5 ಸೆಕೆಂಡ್‌ಗಿಂತ ಹೆಚ್ಚು ಮಾಡಬೇಡಿ ಅಂತ ವರ್ಕ್‌ಶಾಪ್ ಪುಸ್ತಕಗಳೇ ಹೇಳುತ್ತವೆ. ನೀವು ಹತ್ತು ಹದಿನೈದು ನಿಮಿಷ ಮಾಡಿದ್ದೀರಿ.

ಈಗ ಮಾಡಬೇಕಾದ್ದು: ಗಾಡಿ ಓಡಿಸುವುದನ್ನು ನಿಲ್ಲಿಸಿ. ಆಯಿಲ್ ತೆಗೆಸಿ ನೋಡಿ. ಹೆಚ್ಚಿನ ಗಾಡಿಗಳ ಆಯಿಲ್ ಹೊಸದಿದ್ದಾಗ ಕೆಂಪಗೆ ಇರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಿ ನೋಡಬಹುದು. ಕರಿಯಾಗಿ, ಸುಟ್ಟ ವಾಸನೆ ಬಂದು, ತಳದ ಪಾತ್ರೆಯಲ್ಲಿ ಕರಿ ಪುಡಿ ಕೂತಿದ್ದರೆ ಕ್ಲಚ್ ಪ್ಲೇಟ್‌ಗಳು ಸವೆದಿವೆ ಅಂತ. ಆಗ ಬರೀ ಆಯಿಲ್ ಹಾಕಿ ಕಳಿಸುವವರನ್ನು ನಂಬಬೇಡಿ, ಗೇರ್ ಬಾಕ್ಸ್ ಬಿಚ್ಚಲೇಬೇಕಾಗುತ್ತದೆ. ಗೇರ್ ಬೀಳುವುದು ತಡವಾಗುತ್ತಿದೆ ಅಂದಿದ್ದೀರಿ, ಒಳಗಿನ ಸೀಲ್‌ಗಳು ಬಿಸಿಗೆ ಗಟ್ಟಿಯಾಗಿ ಪ್ರೆಷರ್ ಹಿಡಿಯದೇ ಹೋದರೂ ಹೀಗಾಗುತ್ತದೆ.

ಮುಂದೆ ಯಾವತ್ತಾದರೂ ಹುಗಿದರೆ ಎರಡು ಸಲ ಪ್ರಯತ್ನ ಮಾಡಿ, ಮೆಲ್ಲಗೆ, ಒಂದೊಂದು ಸಲಕ್ಕೆ ನಾಲ್ಕೈದು ಸೆಕೆಂಡ್ ಅಷ್ಟೇ. ಆಗಲಿಲ್ಲ ಅಂದರೆ ಕೆಳಗಿಳಿದು ಸಲಿಕೆ ತಗೊಳ್ಳಿ. ಚಕ್ರದ ಮುಂದಿನ ಮಣ್ಣು ಕೆರೆದು, ಕಬ್ಬಿನ ರವದಿ (ಒಣ ಎಲೆ) ಇಲ್ಲವೇ ಗೋಣಿಚೀಲ ಹಾಸಿ. ನಿಮ್ಮ ಕಡೆ ರವದಿಗೆ ಬರವಿಲ್ಲ. ಚಕ್ರ ಜೋರಾಗಿ ಮುಂದೆ ತಿರುಗುತ್ತಿರುವಾಗಲೇ ಆರ್ (ರಿವರ್ಸ್) ಗೆ, ಆರ್ ನಿಂದ ಡಿ ಗೆ ಎಳೆಯುವುದು ಅಂತೂ ಬೇಡವೇ ಬೇಡ. ಕಡೆಗೆ ಟ್ರ್ಯಾಕ್ಟರ್ ಕರೆಸುವುದಾದರೆ ಮೊದಲೇ ಕರೆಸಿಬಿಡಿ.

ಪ್ರಶ್ನೆ: ನಾನು ಶಿಕ್ಷಕಿ. ಸಿವಿಟಿ, ಅಂದರೆ ಗೇರ್‌ಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್ ಗಾಡಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಂಧಿ ಚೌಕದ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಲ್ಲುವಾಗ ಡಿ ಯಲ್ಲೇ ಬ್ರೇಕ್ ಒತ್ತಿ ನಿಲ್ಲಬೇಕೋ, ಎನ್ (ನ್ಯೂಟ್ರಲ್) ಗೆ ಹಾಕಬೇಕೋ? ಮನೆಯವರು ಒಂದು ಹೇಳುತ್ತಾರೆ, ಡ್ರೈವಿಂಗ್ ಕಲಿಸಿದವರು ಇನ್ನೊಂದು ಹೇಳಿದ್ದರು. — ವಿಜಯಪುರ

ಉತ್ತರ: ಅಕ್ಕಾವ್ರೇ, ಒಂದು ಎರಡು ನಿಮಿಷದ ಸಿಗ್ನಲ್‌ಗೆ ಡಿ ಯಲ್ಲೇ ಇರಿ. ಇಂಜಿನ್ ಐಡಲ್‌ನಲ್ಲಿದ್ದಾಗ ಹುಟ್ಟುವ ಬಿಸಿ ಚಿಕ್ಕದು, ಕೂಲರ್ ಅದನ್ನು ಸುಲಭವಾಗಿ ನುಂಗುತ್ತದೆ. ಪ್ರತಿ ಸಿಗ್ನಲ್‌ಗೂ ಎನ್, ಡಿ, ಎನ್, ಡಿ ಅಂತ ಎಳೆದಾಡಿದರೆ ಒಳಗಿನ ಕ್ಲಚ್ ಅಷ್ಟು ಸಲ ಬಿಟ್ಟು ಹಿಡಿಯಬೇಕು, ಸುಮ್ನೆ ಸವೆತ. ರೈಲ್ವೆ ಗೇಟ್ ಬಿದ್ದಿದೆ, ಐದು ಹತ್ತು ನಿಮಿಷ ಆಗುತ್ತದೆ ಅಂದರೆ ಹ್ಯಾಂಡ್ ಬ್ರೇಕ್ ಎಳೆದು ಪಿ ಗೆ ಹಾಕಿ ಕಾಲಿಗೂ ವಿಶ್ರಾಂತಿ ಕೊಡಿ.

ನಿಮ್ಮೂರಲ್ಲಿ ಬೇಸಿಗೆಯ ನಡು ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ರಸ್ತೆ ಡಾಂಬರಿನ ಮೇಲೆ ಇನ್ನೂ ಜಾಸ್ತಿ. ಅದಕ್ಕಿಂತ ದೊಡ್ಡ ಸಂಗತಿ ಎಂದರೆ ಎಸಿಯ ಕಂಡೆನ್ಸರ್ ರೇಡಿಯೇಟರ್‌ನ ಮುಂದೆಯೇ ಕೂತಿರುತ್ತದೆ. ಅದು ಬಿಟ್ಟ ಬಿಸಿ ಗಾಳಿಯೇ ರೇಡಿಯೇಟರ್‌ಗೆ ಹೋಗುವುದು. ಬಹಳ ಗಾಡಿಗಳಲ್ಲಿ ಗೇರ್ ಬಾಕ್ಸ್ ಆಯಿಲ್ ತಣ್ಣಗಾಗುವುದು ರೇಡಿಯೇಟರ್‌ನ ನೀರಿನಿಂದಲೇ. ಹಾಗಾಗಿ ಮುಂದಿನ ಜಾಲರಿ ಚೊಕ್ಕಟ ಇರಬೇಕು. ಹತ್ತಿಯ ನೂಲು, ದೂಳು, ಹುಳ, ಕಬ್ಬಿನ ಸೀಸನ್‌ನಲ್ಲಿ ರವದಿಯ ಚೂರು, ಎಲ್ಲ ಅಲ್ಲಿ ಹೋಗಿ ಕೂರುತ್ತವೆ. ವರ್ಷಕ್ಕೊಂದು ಸಲ, ಬೇಸಿಗೆಗೆ ಮೊದಲು, ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಜೋರು ಪ್ರೆಷರ್ ಬೇಡ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮುಂದೆ ಗಾಳಿಗೆ ಅಡ್ಡವಾಗಿ ದೊಡ್ಡ ಲೈಟು, ಬುಲ್ ಗಾರ್ಡ್ ಹಾಕಿಸಿದ್ದರೆ ತೆಗೆಸಿಬಿಡಿ.

ಸಿವಿಟಿಯಲ್ಲಿ ಎರಡು ಪುಲ್ಲಿ, ನಡುವೆ ಲೋಹದ ಬೆಲ್ಟ್. ಅದಕ್ಕೆ ಇಷ್ಟವಾಗದ್ದು ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿದೇ ಇರುವುದು. ಊರಲ್ಲಿ ಶಾಲೆಗೆ ಹೋಗಿ ಬರುವ ನಿಮಗೆ ಆ ಚಿಂತೆ ಬೇಡ. ಒಂದೇ ನೆನಪಿಡಿ, ಅದಕ್ಕೆ ಸಿವಿಟಿ ಆಯಿಲ್ಲೇ ಹಾಕಬೇಕು. ಬೇರೆ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಬೆಲ್ಟ್ ಜಾರುತ್ತದೆ.

ಪ್ರಶ್ನೆ: ನನ್ನ ಗಾಡಿ 90 ಸಾವಿರ ಕಿ.ಮೀ. ಓಡಿದೆ. ಗೇರ್ ಬಾಕ್ಸ್ ಆಯಿಲ್ ಜೀವಮಾನಕ್ಕೆ ಒಂದೇ ಸಲ, ಬದಲಿಸಬೇಕಿಲ್ಲ ಅಂತ ಸರ್ವೀಸ್‌ನಲ್ಲಿ ಹೇಳಿದರು. ನಿಜವೇ? — ಇಳಕಲ್ಲ

ಉತ್ತರ: ನಾನು ಒಪ್ಪುವುದಿಲ್ಲ. ಯಾರ ಜೀವಮಾನ ಅಂತ ಕೇಳಬೇಕು. ಎಂಟು ಗೇರಿನ ಆಟೋಮ್ಯಾಟಿಕ್‌ಗಳನ್ನು ಮಾಡಿ ಹಲವು ಕಾರ್ ಕಂಪನಿಗಳಿಗೆ ಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನ ಗೇರ್ ಬಾಕ್ಸ್‌ಗಳಿಗೆ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಮಾಡಿದವರ ಮಾತು ಕೇಳೋಣ. ಎಷ್ಟೋ ಗಾಡಿಗಳ ಪುಸ್ತಕದಲ್ಲಿ ಕಠಿಣ ಬಳಕೆ ಅಂತ ಬೇರೆ ಪಟ್ಟಿ ಇರುತ್ತದೆ. ದೂಳು, ಸೆಖೆ, ಘಾಟ್, ಲೋಡ್, ನಿಂತು ನಿಂತು ಹೋಗುವ ಟ್ರಾಫಿಕ್, ಎಲ್ಲ ಅದರಲ್ಲಿ ಬರುತ್ತವೆ. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಯ ಓಡಾಟ ಅದೇ ತಾನೇ?

ಆಯಿಲ್ ಹಾಳಾಗುವುದು ಕಿಲೋಮೀಟರ್‌ಗಿಂತ ಬಿಸಿಯಿಂದ. ಗೇರ್ ಬಾಕ್ಸ್ ಕೆಲಸದವರಲ್ಲಿ ಒಂದು ಹಳೆಯ ಅಂದಾಜು ಲೆಕ್ಕ ಇದೆ: 80 ಡಿಗ್ರಿ ದಾಟಿದ ಮೇಲೆ ಪ್ರತಿ 10–11 ಡಿಗ್ರಿಗೆ ಆಯಿಲ್‌ನ ಆಯುಷ್ಯ ಅರ್ಧ ಅರ್ಧ ಇಳಿಯುತ್ತದೆ. ಅಂದರೆ 100 ಡಿಗ್ರಿಯಲ್ಲಿ ಕಾಲು ಭಾಗ, 120ರಲ್ಲಿ ಹದಿನಾರರಲ್ಲಿ ಒಂದು ಪಾಲು. ಈಗಿನ ಸಿಂಥೆಟಿಕ್ ಆಯಿಲ್‌ಗಳು ಇದಕ್ಕಿಂತ ಗಟ್ಟಿ, ಆದರೂ ದಿಕ್ಕು ಅದೇ. ಬಿಸಿ ತಿಂದ ಆಯಿಲ್ ಒಳಗೆ ಅಂಟು ಪದರ ಕಟ್ಟುತ್ತದೆ, ಸಣ್ಣ ಸಣ್ಣ ವಾಲ್ವ್‌ಗಳು ಸಿಕ್ಕಿಕೊಳ್ಳುತ್ತವೆ, ಕ್ಲಚ್ ಜಾರುತ್ತದೆ, ಜಾರಿದ್ದಕ್ಕೆ ಇನ್ನೂ ಬಿಸಿ.

ಬದಲಿಸುವಾಗ ಕೆಳಗಿನ ಬೋಲ್ಟ್ ಬಿಚ್ಚಿ ಇಳಿದಷ್ಟು ಇಳಿಸಿ, ಅಷ್ಟೇ ಹೊಸದು ಹಾಕುವುದು ಸಾಕು. ಹಾಗೆ ಮಾಡಿದರೆ ಒಳಗಿರುವುದರಲ್ಲಿ ಅರ್ಧದಷ್ಟೇ ಹೊರಬರುತ್ತದೆ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ಹಾಗಾಗಿ ಒಂದೆರಡು ಸಾವಿರ ಕಿಲೋಮೀಟರ್ ಬಿಟ್ಟು ಇನ್ನೊಂದು ಸಲ ಮಾಡಿಸಿ. ಪುಸ್ತಕದಲ್ಲಿ ಬರೆದ ಗ್ರೇಡ್ ಬಿಟ್ಟು ಬೇರೆ ಹಾಕಬೇಡಿ. ಮಟ್ಟ ಕೂಡ ಸರಿಯಿರಬೇಕು. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಜಾಸ್ತಿಯಾದರೆ ತಿರುಗುವ ಭಾಗಗಳು ಆಯಿಲನ್ನು ನೊರೆ ಬರಿಸುತ್ತವೆ, ಎರಡರಲ್ಲೂ ಗಾಡಿ ಬಿಸಿ. ಮಟ್ಟ ನೋಡುವಾಗ ಆಯಿಲ್ ಎಷ್ಟು ಬಿಸಿ ಇರಬೇಕು ಅನ್ನೋದನ್ನೂ ಕಂಪನಿ ಹೇಳಿರುತ್ತದೆ. ಅದನ್ನು ನೋಡದೆ ಕಣ್ಣಂದಾಜಿನಲ್ಲಿ ತುಂಬುವ ಕಡೆ ಹೋಗಬೇಡಿ.

ಪ್ರಶ್ನೆ: ಎಎಂಟಿ ಗಾಡಿಗೂ ಇದೆಲ್ಲ ಬೇಕಾ? — ಗೋಕಾಕ

ಉತ್ತರ: ಅರ್ಧ ಬೇಕು. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಈ ಎಎಂಟಿ ಅಂದರೆ ಮ್ಯಾನುಯಲ್ ಗೇರ್ ಬಾಕ್ಸ್ಸೇ, ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಕನ್ವರ್ಟರ್ ಇಲ್ಲ, ಆಯಿಲ್ ಕುದಿಯುವ ಭಯ ಇಲ್ಲ. ಆದರೆ ಕ್ಲಚ್ ಇದೆ, ಒಣ ಕ್ಲಚ್. ಟಿಳಕವಾಡಿಯವರಿಗೆ ಹೇಳಿದ್ದೆಲ್ಲ ನಿಮಗೂ ಹೇಳಿದ್ದು ಅಂದುಕೊಳ್ಳಿ.

ಪ್ರಶ್ನೆ: ಸವದತ್ತಿ ಗುಡ್ಡಕ್ಕೆ ಹೋದಾಗ ನಮ್ಮ ಆಟೋಮ್ಯಾಟಿಕ್ ಗಾಡಿ ಬ್ಯಾಟರಿ ಹೋಗಿ ನಿಂತಿತು. ಪರಿಚಯದವರು ಹಗ್ಗ ಕಟ್ಟಿ ಎನ್ ಗೆ ಹಾಕಿಸಿ ಊರತನಕ ಟೋಚನ್ ಮಾಡಿದರು. ಅದಾದ ಮೇಲೆ ಗೇರ್ ಬಾಕ್ಸ್‌ನಲ್ಲಿ ಸದ್ದು ಬರುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ? — ಬೈಲಹೊಂಗಲ

ಉತ್ತರ: ಇದೆ. ಬಹಳ ಜನ ಇಲ್ಲೇ ಎಡವುತ್ತಾರೆ, ಎಳೆದವರು ಒಳ್ಳೆಯ ಮನಸ್ಸಿನಿಂದಲೇ ಎಳೆದಿರುತ್ತಾರೆ. ಗೇರ್ ಬಾಕ್ಸ್ ಒಳಗೆ ಆಯಿಲ್ ಹರಿಸುವ ಪಂಪ್ ತಿರುಗುವುದು ಇಂಜಿನ್‌ನಿಂದ. ಇಂಜಿನ್ ಬಂದ್ ಇದ್ದರೆ ಪಂಪ್ ಬಂದ್. ಚಕ್ರಗಳು ಮಾತ್ರ ರಸ್ತೆಯ ಮೇಲೆ ತಿರುಗುತ್ತ ಒಳಗಿನ ಗೇರ್, ಬೇರಿಂಗ್‌ಗಳನ್ನು ಆಯಿಲ್ ಇಲ್ಲದೆ ತಿರುಗಿಸುತ್ತವೆ. ಎನ್ ನಲ್ಲಿ ಇದ್ದರೂ ಅಷ್ಟೇ. ಸದ್ದು ಬರುತ್ತಿದೆ ಅಂದರೆ ಬೇರಿಂಗ್ ತಿಂದಿರಬಹುದು, ತಡಮಾಡದೆ ಬಿಚ್ಚಿಸಿ ನೋಡಿ.

ಆಟೋಮ್ಯಾಟಿಕ್ ಗಾಡಿ ನಿಂತರೆ ನಾಲ್ಕೂ ಚಕ್ರ ಮೇಲೇರಿಸಿ ಒಯ್ಯುವ ಗಾಡಿಯನ್ನೇ ಕರೆಸಿ. ಅದು ಸಿಗಲಿಲ್ಲ ಅಂದರೆ, ಇಂಜಿನ್ ತಿರುಗಿಸುವ ಚಕ್ರಗಳಾದರೂ ನೆಲ ಬಿಟ್ಟಿರಬೇಕು. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಮುಂಭಾಗ ಎತ್ತಿಸಿ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಹೀಗೂ ನಡೆಯದು. ಇನ್ಶೂರೆನ್ಸ್ ಜೊತೆ ರಸ್ತೆ ಸಹಾಯ ಇದೆಯೇ ಅಂತ ಇವತ್ತೇ ಪಾಲಿಸಿ ತೆಗೆದು ನೋಡಿಕೊಳ್ಳಿ. ಮತ್ತೆ, ಬ್ಯಾಟರಿ ಹೋದದ್ದಕ್ಕೆ ಗಾಡಿ ಎಳೆಯುವ ಅಗತ್ಯವೇ ಇರಲಿಲ್ಲ, ಇನ್ನೊಂದು ಗಾಡಿಯಿಂದ ಕೇಬಲ್ ಹಾಕಿ ಚಾಲೂ ಮಾಡಬಹುದಿತ್ತು. ಕೇಬಲ್ ಒಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ದ್ರಾಕ್ಷಿ ಸೀಸನ್‌ನಲ್ಲಿ ನನ್ನ ಎಸ್‌ಯುವಿಗೆ ಸಣ್ಣ ಟ್ರಾಲಿ ಕಟ್ಟಿ ಕ್ರೇಟ್ ಸಾಗಿಸುತ್ತೇನೆ. ಗೇರ್ ಬಾಕ್ಸ್‌ಗೆ ಬೇರೆ ಕೂಲರ್ ಹಾಕಿಸಿದರೆ ಒಳ್ಳೆಯದೇ? — ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಮೊದಲು ಪುಸ್ತಕ ತೆಗೆದು ನಿಮ್ಮ ಗಾಡಿ ಎಷ್ಟು ಭಾರ ಎಳೆಯಬಹುದು ಅಂತ ಕಂಪನಿ ಬರೆದಿದೆ ನೋಡಿ. ಬರೆದೇ ಇಲ್ಲ, ಅಥವಾ ಎಳೆಯಬೇಡಿ ಅಂತ ಇದ್ದರೆ ಕೂಲರ್ ಹಾಕಿಸಿದರೂ ಎಳೆಯಬೇಡಿ. ಕೂಲರ್ ಆಯಿಲನ್ನು ತಣ್ಣಗೆ ಮಾಡುತ್ತದೆ, ಗೇರ್ ಬಾಕ್ಸ್‌ನ ಶಕ್ತಿ ಹೆಚ್ಚಿಸುವುದಿಲ್ಲ.

ಮಿತಿಯೊಳಗೆ ಎಳೆಯುತ್ತಿದ್ದರೆ, ಟಾರ್ಕ್ ಕನ್ವರ್ಟರ್ ಗಾಡಿಯಾದರೆ, ಹೊರಗಿನ ಕೂಲರ್ ಒಳ್ಳೆಯ ಖರ್ಚು ಅಂತಲೇ ನನ್ನ ಅಭಿಪ್ರಾಯ. ರೇಡಿಯೇಟರ್ ಒಳಗಿನ ಕೂಲರ್ ಆದ ಮೇಲೆ ಆಯಿಲ್ ಇದಕ್ಕೆ ಬಂದು, ಇಲ್ಲಿಂದ ಗೇರ್ ಬಾಕ್ಸ್‌ಗೆ ಹೋಗುವ ಹಾಗೆ ಜೋಡಿಸಬೇಕು. ಪೈಪ್ ಆಯಿಲ್‌ಗೆ ಮಾಡಿದ್ದೇ ಆಗಿರಬೇಕು. ಪೆಟ್ರೋಲ್ ಪೈಪ್ ಹಾಕಿ ಕ್ಲಿಪ್ ಬಿಗಿದ ಗಾಡಿ ನೋಡಿದ್ದೇನೆ, ಹೆದ್ದಾರಿ ಮೇಲೆ ಪೈಪ್ ಕಳಚಿ ಆಯಿಲ್ ಪೂರ್ತಿ ಸುರಿದುಹೋಗಿತ್ತು. ವಾರಂಟಿ ಇರುವ ಗಾಡಿಯಾದರೆ ಶೋರೂಂನಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ.

ಹಳೆಯ ಗಾಡಿಗಳಲ್ಲಿ ಇನ್ನೊಂದು ಅಪಾಯವಿದೆ. ರೇಡಿಯೇಟರ್ ಒಳಗಿನ ಕೂಲರ್ ತುಕ್ಕು ಹಿಡಿದು ತೂತಾದರೆ ಕೂಲಂಟ್ ಮತ್ತು ಆಯಿಲ್ ಬೆರೆತು, ಗುಲಾಬಿ ಬಣ್ಣದ ಲಸ್ಸಿಯ ಹಾಗೆ ಆಗುತ್ತದೆ. ಕ್ಲಚ್ ಪ್ಲೇಟ್ ಮೇಲಿನ ಪದರ ಅಂಟಿನಿಂದ ಕೂತಿರುತ್ತದೆ, ನೀರು ಸೇರಿದರೆ ಅದು ಎದ್ದುಬರುತ್ತದೆ. ಆಗಾಗ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಇಂಜಿನ್ ತಣ್ಣಗಿರುವಾಗ ಮಾತ್ರ. ಮೇಲೆ ಎಣ್ಣೆಯ ಪದರ ಕಂಡರೆ ಗಾಡಿ ಚಾಲೂ ಮಾಡಬೇಡಿ. ಬಾವಿಯ ನೀರು ತುಂಬುವ ಅಭ್ಯಾಸ ಇದ್ದರೆ ಬಿಡಿ, ತುಕ್ಕು ಅಲ್ಲಿಂದಲೇ ಶುರು.

ಕ್ರೇಟ್ ಹೊತ್ತು ಹೋಗುವಾಗ ಗೇರ್ ಬಾಕ್ಸ್ ಪದೇ ಪದೇ ಮೇಲೆ ಕೆಳಗೆ ಬದಲಾಗುತ್ತಿದ್ದರೆ ಮ್ಯಾನುಯಲ್ ಮೋಡ್‌ನಲ್ಲಿ ಒಂದು ಗೇರ್ ಕೆಳಗೆ ಇಟ್ಟುಕೊಳ್ಳಿ. ಡೀಸೆಲ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ. ಇಳಿಜಾರಿನಲ್ಲೂ ಅದೇ ಗೇರ್ ಇರಲಿ, ಎನ್ ಗೆ ಹಾಕಿ ಜಾರಿಸಬೇಡಿ. ಟ್ರಾಲಿ ಹಿಂದಿನಿಂದ ತಳ್ಳುವಾಗ ಬರೀ ಬ್ರೇಕ್ ನಂಬಿದರೆ ಬ್ರೇಕೇ ಕಾದು ಕೈಕೊಡುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಗೊಳ್ಳಬೇಕು ಅಂತಿದ್ದೇನೆ. ಹಿಂದಿನವರು ಗೇರ್ ಬಾಕ್ಸ್ ಸುಟ್ಟಿದ್ದಾರೋ ಇಲ್ಲವೋ ಅಂತ ಹೇಗೆ ತಿಳಿಯುವುದು? — ನವನಗರ, ಬಾಗಲಕೋಟೆ

ಉತ್ತರ: ತಣ್ಣಗಿದ್ದಾಗ ಚೆನ್ನಾಗಿ ಓಡುವ ಗೇರ್ ಬಾಕ್ಸ್ ಬಿಸಿಯಾದ ಮೇಲೆ ಗುಟ್ಟು ಬಿಡುತ್ತದೆ. ಮನೆ ಮುಂದೆ ಎರಡು ಸುತ್ತು ಹಾಕಿ ಮುಗಿಸಬೇಡಿ. ಅರ್ಧ ಗಂಟೆಯಾದರೂ ಓಡಿಸಿ, ಕೊಲ್ಹಾರ ಸೇತುವೆ ತನಕ ಹೋಗಿ ಬನ್ನಿ, ಊರೊಳಗಿನ ಸಂದಣಿಯಲ್ಲೂ ಓಡಿಸಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ ಪಿ ಯಿಂದ ಆರ್ ಗೆ, ಎನ್ ನಿಂದ ಡಿ ಗೆ ಹಾಕಿ. ಗೇರ್ ಹಿಡಿಯಲು ಒಂದೂವರೆ ಎರಡು ಸೆಕೆಂಡ್ ಕಳೆದರೆ, ಇಲ್ಲವೇ ದಡ್ ಅಂತ ಹೊಡೆದರೆ ಒಳಗೆ ಪ್ರೆಷರ್ ಸರಿಯಿಲ್ಲ. 40–60ರ ವೇಗದಲ್ಲಿ ಆಕ್ಸಿಲರೇಟರ್ ಹಗುರಾಗಿ ಮುಟ್ಟಿಕೊಂಡು ಹೋಗುವಾಗ, ಕಲ್ಲು ಹಾಸಿದ ರಸ್ತೆಯ ಮೇಲೆ ಹೋದಂಥ ಸಣ್ಣ ನಡುಕ ಬಂದರೆ ಲಾಕ್‌ಅಪ್ ಕ್ಲಚ್ ಮೇಲೆ ಅನುಮಾನ ಪಡಿ. ರೇಸ್ ಏರುತ್ತದೆ, ವೇಗ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಡ್ಯುಯಲ್ ಕ್ಲಚ್, ಎಎಂಟಿ ಗಾಡಿಗಳನ್ನು ಒಂದು ಸಣ್ಣ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ, ಅಲ್ಲಿ ನಡುಗಿದರೆ ಕ್ಲಚ್ ಖರ್ಚು ನಿಮ್ಮ ತಲೆಗೆ ಬರುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಬೆಲೆ ಮಾತಾಡಿ.

ಆಯಿಲ್ ನೋಡಲು ಡಿಪ್‌ಸ್ಟಿಕ್ (ಅಳತೆ ಕಡ್ಡಿ) ಇರುವ ಗಾಡಿ ಈಗ ಕಡಿಮೆ. ಇದ್ದರೆ ಎರಡು ಹನಿ ಬಿಳಿ ಕಾಗದದ ಮೇಲೆ ಹಾಕಿ, ಬಣ್ಣ ನೋಡಿ, ಮೂಸಿ ನೋಡಿ. ತೀರಾ ಹೊಸ ಆಯಿಲ್ ಕಂಡರೂ ಬಿಲ್ ಕೇಳಿ, ಯಾಕೆ ಬದಲಿಸಿದರು ಅಂತ ಕೇಳಿ. ಸರ್ವೀಸ್ ಪುಸ್ತಕದಲ್ಲಿ ಗೇರ್ ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಇರುವ ಗಾಡಿಗೆ ಹತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಕಡೆಗೆ ಒಬ್ಬ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸಿ. ಗೇರ್ ಬಾಕ್ಸ್ ಕಂಪ್ಯೂಟರ್‌ನಲ್ಲಿ ಉಳಿದ ಹಳೆಯ ಎಚ್ಚರಿಕೆಗಳು ಅದರಲ್ಲಿ ಕಾಣುತ್ತವೆ, ಅಳಿಸಿದ್ದರೆ ಓಡಿಸುವಾಗ ಎಷ್ಟು ಡಿಗ್ರಿ ಏರುತ್ತಿದೆ ಅನ್ನೋದಾದರೂ ಬಹಳ ಗಾಡಿಗಳಲ್ಲಿ ಕಾಣುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಆರಾಮಾಗಿ ಹೋಗುವಾಗ ಆಯಿಲ್ 80ರಿಂದ 95 ಡಿಗ್ರಿ ಆಸುಪಾಸು ಇದ್ದರೆ ಚಿಂತೆಯಿಲ್ಲ. ಅಲ್ಲೇ 110 ದಾಟಿ ಏರುತ್ತಿದ್ದರೆ, ಅಥವಾ ಸ್ಕ್ಯಾನರ್ ಹಾಕಲು ಮಾರುವವರೇ ಒಪ್ಪದಿದ್ದರೆ, ಆ ಗಾಡಿ ಬಿಟ್ಟು ಬೇರೆ ನೋಡಿ.